ಏನಪ್ಪಣೆ, ಬುದ್ಧಿ?

ಕರೆಯದೆಯೇ ಬಂದು ಕೈಕಟ್ಟಿ ನಿಲ್ಲುವ ಪ್ರಜೆಗಳು ಯಾವ ಸರ್ಕಾರಕ್ಕೂ ಸಿಕ್ಕಿಲ್ಲ, ಯಾವ ಪಕ್ಷದ ಹೈಕಮಾಂಡಿಗೂ ಸಿಕ್ಕಿಲ್ಲ. ಆ ಯೋಗ ಇರುವುದು ದೊಡ್ಡ ಕಚೇರಿಗಳ ಐಟಿ ವಿಭಾಗಕ್ಕೆ ಮಾತ್ರ. ಅಲ್ಲಿನ ಒಂದೊಂದು ವಿಂಡೋಸ್ ಕಂಪ್ಯೂಟರೂ 90 ನಿಮಿಷಕ್ಕೊಮ್ಮೆ, ಯಾರೂ ಹೇಳಿಕಳಿಸದಿದ್ದರೂ, ಡೊಮೈನ್ ಕಂಟ್ರೋಲರ್ ಎಂಬ ಯಜಮಾನನ ಬಾಗಿಲಿಗೆ ಹೋಗುತ್ತದೆ, ಹೆಗಲ ಮೇಲಿನ ಟವಲನ್ನು ಕಂಕುಳಿಗೆ ಇಳಿಸಿ "ಏನಪ್ಪಣೆ, ಬುದ್ಧಿ?" ಎಂದು ಕೇಳುತ್ತದೆ. ಹೊಸದೇನಾದರೂ ಇದ್ದರೆ ತಲೆಯ ಮೇಲೆ ಹೊತ್ತು ತರುತ್ತದೆ. ಇಲ್ಲದಿದ್ದರೆ ಬೇಸರಪಡದೆ ಹಿಂತಿರುಗಿ, ಮತ್ತೆ 90 ನಿಮಿಷಕ್ಕೆ ಹೊರಡುತ್ತದೆ. ಎಲ್ಲರೂ ಒಟ್ಟಿಗೇ ಹೋಗಿ ಬಾಗಿಲಲ್ಲಿ ನೂಕುನುಗ್ಗಲಾಗಬಾರದೆಂದು ಪ್ರತಿಯೊಂದೂ 90ರ ಮೇಲೆ ಸೊನ್ನೆಯಿಂದ 30 ನಿಮಿಷದವರೆಗೆ ಮನಬಂದಷ್ಟು ತಡಮಾಡಿಕೊಂಡು ಹೋಗುವ ಏರ್ಪಾಡೂ ಇದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಂಪನಿಗಳು ತಮ್ಮ ಕಂಪ್ಯೂಟರುಗಳಿಗೆ ಕಲಿಸಿದ ಈ ವಿವೇಕದಲ್ಲಿ ಕಾಲುಭಾಗವನ್ನು ತಮ್ಮ ಕ್ಯಾಬುಗಳಿಗೆ ಕಲಿಸಿದ್ದರೆ, ಸಂಜೆ ಆರಕ್ಕೆ ಮಾರತ್ತಹಳ್ಳಿಯಲ್ಲಿ ಜನ ದೇವರ ನಾಮ ಜಪಿಸುತ್ತಾ ಕೂರಬೇಕಾಗಿರಲಿಲ್ಲ.

ಈ ಏರ್ಪಾಡಿನ ಹೆಸರು ಗ್ರೂಪ್ ಪಾಲಿಸಿ. 2000ನೇ ಇಸವಿಯಲ್ಲಿ ವಿಂಡೋಸ್ 2000ರ ಜೊತೆ, ಆಕ್ಟಿವ್ ಡೈರೆಕ್ಟರಿಯ ಬೆನ್ನಿಗೇ ಬಂದದ್ದು. ನಿಮ್ಮ ಪರದೆಯ ಹಿಂದೆ ಮಗಳ ಫೋಟೋ ಇರಬೇಕೋ ಕಂಪನಿಯ ಲಾಂಛನ ಇರಬೇಕೋ, ಕಾಫಿಗೆ ಎದ್ದು ಹೋದರೆ ಎಷ್ಟು ನಿಮಿಷಕ್ಕೆ ಬೀಗ ಬೀಳಬೇಕು, ಪೆನ್‌ಡ್ರೈವ್ ಚುಚ್ಚಿದರೆ ಓದಬೇಕೋ ಓದದ ಹಾಗೆ ನಟಿಸಬೇಕೋ, ಬ್ರೌಸರ್ ತೆರೆದರೆ ಮೊದಲು ಯಾರ ದರ್ಶನವಾಗಬೇಕು, ಪಾಸ್‌ವರ್ಡಿಗೆ ಆಯುಸ್ಸೆಷ್ಟು, ಎಲ್ಲವೂ ಅಲ್ಲಿ ತೀರ್ಮಾನ. ಗಮನಿಸಬೇಕಾದ್ದು, ಯಜಮಾನ ಯಾರ ಮನೆಗೂ ಆಳು ಕಳಿಸುವುದಿಲ್ಲ. ಆದೇಶವನ್ನು ಬರೆದು ಒಂದು ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಾನೆ. ಬಂದು ಕೇಳುವುದು, ಓದುವುದು, ಪಾಲಿಸುವುದು ಪೂರಾ ಪ್ರಜೆಯ ಜವಾಬ್ದಾರಿ. "ಪಾಲಿಸಿ ಪುಶ್ ಮಾಡಿದ್ದೀವಿ" ಎಂದು ಐಟಿಯವರು ಎದೆಯುಬ್ಬಿಸಿ ಹೇಳುತ್ತಾರಲ್ಲ, ಅವರು ಏನನ್ನೂ ತಳ್ಳಿರುವುದಿಲ್ಲ. ಕಪಾಟಿನಲ್ಲಿ ಕಾಗದ ಇಟ್ಟಿರುತ್ತಾರೆ.

ಆದರೆ ಕಾಗದ ಇಟ್ಟವನಿಗೆ 90 ನಿಮಿಷ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಅಂಥವರಿಗಾಗಿಯೇ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಬಡಿಯುವ ಒಂದು ಸಾಲು ಇದೆ: ಜಿಪಿಅಪ್‌ಡೇಟ್, ಒಂದು ಓರೆಗೆರೆ, ಫೋರ್ಸ್. ವಿಂಡೋಸ್ 2000ದಲ್ಲಿ ಇದೇ ಕೆಲಸಕ್ಕೆ ಸೆಕ್‌ಎಡಿಟ್, ರಿಫ್ರೆಶ್‌ಪಾಲಿಸಿ, ಮಷೀನ್ ಪಾಲಿಸಿ, ಎನ್‌ಫೋರ್ಸ್ ಎಂದು ಮದುವೆ ಕರೆಯೋಲೆಯಷ್ಟು ಉದ್ದ ಬರೆಯಬೇಕಿತ್ತು; ಅದೂ ಕಂಪ್ಯೂಟರಿಗೆ ಒಂದು ಸಲ, ಬಳಕೆದಾರನಿಗೆ ಇನ್ನೊಂದು ಸಲ. ಎಕ್ಸ್‌ಪಿ ಬಂದಾಗ ಚಿಕ್ಕದಾಯಿತು. ಚಿಕ್ಕದಾದದ್ದರಿಂದ ಬಾಯಿಪಾಠವಾಯಿತು. ಬಾಯಿಪಾಠವಾದ ಮೇಲೆ ಯೋಚನೆಯ ಕೆಲಸ ಮುಗಿಯಿತು.

"ಪ್ರಿಂಟರ್ ಕಾಣಿಸ್ತಿಲ್ಲ ಸರ್."

"ಒಂದ್ಸಲ ಜಿಪಿಅಪ್‌ಡೇಟ್ ಫೋರ್ಸ್ ಹೊಡೀರಿ ಮೇಡಂ."

"ಹೊಡೆದೆ. ಸಕ್ಸಸ್‌ಫುಲಿ ಅಂತ ಬಂತು."

"ಬಂತಾ? ಹಾಗಾದ್ರೆ ಆಯ್ತು ಮೇಡಂ."

"ಪ್ರಿಂಟರ್ ಬಂದಿಲ್ವಲ್ಲ."

"ಸಕ್ಸಸ್‌ಫುಲಿ ಅಂತ ಬಂತು ಅಂದ್ರಲ್ಲ."

"ಅದು ಬಂತು. ಪ್ರಿಂಟರ್ ಬರ್ಲಿಲ್ಲ."

"ರೀಸ್ಟಾರ್ಟ್ ಮಾಡಿ ಇನ್ನೊಂದ್ಸಲ ಹೊಡೀರಿ. ನಿಮ್ ಟಿಕೆಟ್ ಕ್ಲೋಸ್ ಮಾಡ್ತಾ ಇದೀನಿ, ಫೀಡ್‌ಬ್ಯಾಕ್ ಲಿಂಕ್ ಬರುತ್ತೆ, ಫೈವ್ ಸ್ಟಾರ್ ಕೊಡಿ."

ಈ ಹುಡುಗನನ್ನು ಬೈಯಬೇಡಿ. ಅವನಿಗೆ ಕೊಟ್ಟಿರುವ ಕಡತದಲ್ಲಿ ಮೊದಲ ಹೆಜ್ಜೆ ಅದೇ. ಎರಡನೇ ಹೆಜ್ಜೆಯೂ ಅದೇ, ನಡುವೆ ಒಂದು ರೀಸ್ಟಾರ್ಟ್. ಅವನಿಗೂ ನಿಮಗೂ ಆ ಕಪ್ಪು ಕಿಟಕಿ ಹೇಳಿದ್ದು ಎರಡೇ ವಾಕ್ಯ: ಕಂಪ್ಯೂಟರ್ ಪಾಲಿಸಿಯ ನವೀಕರಣ ಯಶಸ್ವಿಯಾಗಿ ಪೂರ್ಣಗೊಂಡಿದೆ, ಬಳಕೆದಾರರ ಪಾಲಿಸಿಯ ನವೀಕರಣ ಯಶಸ್ವಿಯಾಗಿ ಪೂರ್ಣಗೊಂಡಿದೆ. ಹೋಗಿದ್ದೆ, ನೋಡಿದೆ, ಬಂದೆ ಎಂಬಷ್ಟೇ ಇದರ ತಾತ್ಪರ್ಯ. ಅಲ್ಲಿ ಏನಿತ್ತು, ಇದ್ದದ್ದು ನಿಮಗಾಗಿ ಬರೆದದ್ದೋ, ಬರೆದವನಿಗೆ ನೀವು ಯಾವ ಮಹಡಿಯಲ್ಲಿದ್ದೀರಿ ಎಂಬುದು ಗೊತ್ತಿತ್ತೋ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ನಂಬಿಕೆ ಬಾರದಿದ್ದರೆ ಮನೆಯಲ್ಲಿ ಮಕ್ಕಳು ಆಟವಾಡುವ ಕಂಪ್ಯೂಟರಿನಲ್ಲಿ ಇದೇ ಸಾಲು ಬಡಿದು ನೋಡಿ. ಅದಕ್ಕೆ ಡೊಮೈನ್ ಇಲ್ಲ, ಯಜಮಾನ ಇಲ್ಲ, ಕಪಾಟಿಲ್ಲ, ಕಾಗದವೂ ಇಲ್ಲ. ಆದರೂ ಎರಡು ಕ್ಷಣ ಗಂಭೀರವಾಗಿ ಯೋಚಿಸಿ, ನವೀಕರಣ ಯಶಸ್ವಿಯಾಗಿ ಪೂರ್ಣಗೊಂಡಿದೆ ಎಂದು ವರದಿ ಒಪ್ಪಿಸುತ್ತದೆ. ಇಷ್ಟು ಒಳ್ಳೆಯ ಅಧಿಕಾರಿ ಸಚಿವಾಲಯದಲ್ಲೂ ಅಪರೂಪ.

ಇನ್ನು ಫೋರ್ಸ್ ಎಂಬ ಬಾಲಂಗೋಚಿಯ ವಿಷಯ. ಹೆಸರು ಕೇಳಿದರೆ ಲಾಠಿ ಹಿಡಿದ ಪೇದೆ ನೆನಪಾಗುತ್ತಾನೆ. ಅಸಲಿಗೆ ನಡೆಯುವುದು ಇಷ್ಟೇ. ಪ್ರತಿಯೊಂದು ಪಾಲಿಸಿಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಸಂಖ್ಯೆ ಬದಲಾಗಿಲ್ಲದಿದ್ದರೆ ಕಂಪ್ಯೂಟರು, ಇದನ್ನು ಆಗಲೇ ಓದಿದ್ದೇನಲ್ಲ, ಎಂದು ಬದಿಗಿಡುತ್ತದೆ. ಫೋರ್ಸ್ ಎಂದರೆ, ಓದಿದ್ದರೂ ಸರಿ, ಮೊದಲಿಂದ ಕೊನೆವರೆಗೆ ಎಲ್ಲವನ್ನೂ ಇನ್ನೊಮ್ಮೆ ಓದಿ ಇನ್ನೊಮ್ಮೆ ಪಾಲಿಸು. ಸರ್ಕಾರಿ ಕಡತ ಕಂಡವರಿಗೆ ಇದು ಹೊಸದಲ್ಲ. ಒಂದು ಸುತ್ತೋಲೆ ಹೊರಡುತ್ತದೆ, ಯಾರೂ ಪಾಲಿಸುವುದಿಲ್ಲ. ಯಾಕೆ ಪಾಲಿಸಲಿಲ್ಲ ಎಂದು ನೋಡುವ ಬದಲು ಎರಡನೆಯದು ಹೊರಡುತ್ತದೆ, "ಉಲ್ಲೇಖಿತ ಸುತ್ತೋಲೆಯತ್ತ ಮತ್ತೊಮ್ಮೆ ಗಮನ ಸೆಳೆಯುತ್ತಾ, ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದೆಂದು" ಎಂಬ ಒಕ್ಕಣೆಯೊಡನೆ. ಮೊದಲನೆಯದರಲ್ಲಿ ಇಲಾಖೆಯ ಹೆಸರೇ ತಪ್ಪಾಗಿದ್ದರೆ ಎರಡನೆಯದರಲ್ಲೂ ಅದೇ ತಪ್ಪು, ಈ ಸಲ ಕಟ್ಟುನಿಟ್ಟಾಗಿ.

ಫೋರ್ಸ್ ಪೂರಾ ನಿಷ್ಪ್ರಯೋಜಕ ಎಂದೇನೂ ಅಲ್ಲ. ಅಡ್ಮಿನ್ ಅಧಿಕಾರವಿದ್ದ ಯಾವನೋ ಜಾಣ ರಿಜಿಸ್ಟ್ರಿ ಎಂಬ ವಿಂಡೋಸಿನ ದಫ್ತರದಲ್ಲಿ ಕೈಯಾಡಿಸಿ ತನ್ನ ಕಂಪ್ಯೂಟರಿನ ನಿಯಮವನ್ನು ಅಳಿಸಿಕೊಂಡಿದ್ದರೆ, ಮೇಲಿನ ಆವೃತ್ತಿ ಬದಲಾಗಿಲ್ಲವಾದ್ದರಿಂದ ಮಾಮೂಲಿ ಭೇಟಿಯಲ್ಲಿ ಅದು ವಾಪಸು ಬರುವುದಿಲ್ಲ. ಫೋರ್ಸ್ ಹೊಡೆದರೆ ಬರುತ್ತದೆ. ಭದ್ರತೆಯ ನಿಯಮಗಳಾದರೆ 16 ಗಂಟೆಗೊಮ್ಮೆ ತಾವಾಗಿಯೇ ಮತ್ತೆ ಹೇರಿಕೊಳ್ಳುತ್ತವೆ, ಕಾಯುವವರು ಕಾಯಬಹುದು. ಆದರೆ ದಿನಕ್ಕೆ ನೂರು ಸಲ ಹೊಡೆಯುವವರಲ್ಲಿ ಈ ಕಾರಣಕ್ಕೆ ಹೊಡೆಯುವವರು ಎಷ್ಟು ಮಂದಿ?

ತಮಾಷೆ ಇರುವುದು ಫೋರ್ಸ್ ಸೋಲುವಲ್ಲಿ. ಸಾಫ್ಟ್‌ವೇರ್ ಅಳವಡಿಕೆ, ಫೋಲ್ಡರುಗಳನ್ನು ಸರ್ವರಿಗೆ ತಿರುಗಿಸುವುದು, ಇಂಥವೆಲ್ಲ ನೀವು ಲಾಗಿನ್ ಆಗುವ ಹೊತ್ತಿನಲ್ಲೋ ಯಂತ್ರ ಏಳುವ ಹೊತ್ತಿನಲ್ಲೋ ಮಾತ್ರ ನಡೆಯುವ ಶಾಸ್ತ್ರಗಳು. ಹಾಗಾಗಿ ಬಲವಂತಕ್ಕೆ ಹೊರಟ ಕಪ್ಪು ಕಿಟಕಿ ಕೊನೆಯಲ್ಲಿ ಹಲ್ಲುಗಿಂಜುತ್ತಾ ಕೇಳುತ್ತದೆ: ಕೆಲವು ಪಾಲಿಸಿಗಳು ಲಾಗಿನ್ ಆಗುವಾಗ ಮಾತ್ರ ನಡೆಯುತ್ತವೆ, ಲಾಗ್‌ಆಫ್ ಮಾಡಬಹುದೇ, ವೈ ಅಥವಾ ಎನ್? ಬಳಕೆದಾರರಿಗೆ ತೆರೆದಿಟ್ಟ ಹದಿನಾಲ್ಕು ಎಕ್ಸೆಲ್ ಹಾಳೆಗಳ ನೆನಪಾಗುತ್ತದೆ. ಎನ್ ಒತ್ತುತ್ತಾರೆ. ಬಲಪ್ರಯೋಗ ಅಲ್ಲಿಗೆ ಮುಕ್ತಾಯ.

ವೈ ಒತ್ತಿದವರ ಪಾಡೂ ಅಷ್ಟೇ. ಎಕ್ಸ್‌ಪಿಯ ಕಾಲದಿಂದ ವಿಂಡೋಸ್‌ಗೆ ಬೇಗ ಏಳುವ ಚಪಲ. ನೆಟ್‌ವರ್ಕ್ ಬರುವ ತನಕ ಕಾಯದೆ ಬಳಕೆದಾರನನ್ನು ಒಳಗೆ ಬಿಟ್ಟುಬಿಡುತ್ತದೆ, ಪಾಲಿಸಿಯ ಕೆಲಸ ಹಿತ್ತಲಲ್ಲಿ ನಡೆಯುತ್ತಿರುತ್ತದೆ. ಆದ್ದರಿಂದ ಇಂಥ ಬದಲಾವಣೆ ಕೈಗೆ ಹತ್ತಬೇಕಾದರೆ ಎರಡೋ ಮೂರೋ ಸಲ ಲಾಗಿನ್ ಆಗಬೇಕಾಗುತ್ತದೆ. ಅಂದರೆ "ರೀಸ್ಟಾರ್ಟ್ ಮಾಡಿ ಇನ್ನೊಂದ್ಸಲ ಹೊಡೀರಿ" ಎಂದ ಹುಡುಗ ಕೆಲವೊಮ್ಮೆ ಸರಿಯಾಗಿಯೇ ಹೇಳಿರುತ್ತಾನೆ, ತನಗೇ ಗೊತ್ತಿಲ್ಲದೆ. ಅವನ ವೃತ್ತಿಜೀವನ ನಿಂತಿರುವುದು ಈ ಕೆಲವೊಮ್ಮೆಗಳ ಮೇಲೆ.

ಹೊಡೆದ ಮೇಲೆ ಕಾಯುವುದಕ್ಕೂ ಲೆಕ್ಕವಿದೆ: 600 ಸೆಕೆಂಡು. ಹತ್ತು ನಿಮಿಷದೊಳಗೆ ಮುಗಿಯದಿದ್ದರೆ ಕಪ್ಪು ಕಿಟಕಿ ನಿಮಗೆ ಕರ್ಸರ್ ವಾಪಸು ಕೊಟ್ಟು ಬಿಡುಗಡೆ ಮಾಡುತ್ತದೆ. ಒಳಗೆ ಕೆಲಸ ನಡೆದೇ ಇರುತ್ತದೆ. ಅರ್ಜಿ ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ, ತಾವಿನ್ನು ಹೊರಡಬಹುದು.

ಹಾಗಾದರೆ ಆದೇಶಗಳು ಬರುವುದು ಎಲ್ಲಿಂದ? ಒಂದೇ ಕಡೆಯಿಂದ ಬಂದಿದ್ದರೆ ಈ ಅಂಕಣವೇ ಬೇಕಿರಲಿಲ್ಲ. ಮೊದಲು ಕಂಪ್ಯೂಟರಿನ ಸ್ವಂತ ಪಾಲಿಸಿ, ಅದರ ಮೇಲೆ ಅದು ಇರುವ ಸೈಟಿನದು, ಅದರ ಮೇಲೆ ಇಡೀ ಡೊಮೈನಿನದು, ಕೊನೆಗೆ ಅದು ಕೂತಿರುವ ಓಯು ಎಂಬ ಪುಟ್ಟ ಘಟಕದ್ದು. ಇಬ್ಬರ ಮಾತು ತಾಕಿದರೆ ಕೊನೆಗೆ ಮಾತಾಡಿದವನೇ ಗೆದ್ದ. ಅಂದರೆ ತಾಲ್ಲೂಕು ಘಟಕದ ಅಧ್ಯಕ್ಷ ರಾಷ್ಟ್ರಾಧ್ಯಕ್ಷರ ಮಾತನ್ನು ಅಳಿಸಬಹುದು. ಎಂಥ ಪ್ರಜಾಪ್ರಭುತ್ವ ಎಂದು ಕಣ್ಣು ತೇವವಾಗುವಷ್ಟರಲ್ಲಿ ಎನ್‌ಫೋರ್ಸ್ಡ್ ಎಂಬ ಗುರುತು ಕಾಣುತ್ತದೆ. ಅದನ್ನು ಮೇಲಿನವರು ಹಾಕಿಬಿಟ್ಟರೆ ಕೆಳಗಿನವರು ಏನು ಬರೆದುಕೊಂಡರೂ ನಡೆಯುವುದು ಮೇಲಿನವರದೇ. ಕೆಳಗಿನವರಿಗೆ ಸಮಾಧಾನಕ್ಕೆಂದು ಬ್ಲಾಕ್ ಇನ್‌ಹೆರಿಟೆನ್ಸ್ ಎಂಬ ಹಕ್ಕು ಕೊಟ್ಟಿದ್ದಾರೆ: ಮೇಲಿಂದ ಬರುವುದೇನೂ ನಮಗೆ ಬೇಡ ಎಂದು ಘೋಷಿಸುವ ಹಕ್ಕು. ಎನ್‌ಫೋರ್ಸ್ಡ್ ಆದ ಪಾಲಿಸಿ ಆ ಘೋಷಣೆಯನ್ನೂ ತೂರಿಕೊಂಡು ಬರುತ್ತದೆ. ಜಿಲ್ಲಾ ಘಟಕ ಒಮ್ಮತದಿಂದ ಅಭ್ಯರ್ಥಿಯನ್ನು ಆರಿಸಿ ಹಾರ ಹಾಕುವ ಹೊತ್ತಿಗೆ ದೆಹಲಿಯಿಂದ ಬಿ ಫಾರಂ ಇನ್ನೊಬ್ಬರ ಹೆಸರಿಗೆ ಬಂದದ್ದನ್ನು ಕಂಡ ನಮಗೆ ಇದಕ್ಕೆ ತರಬೇತಿ ಬೇಕಿಲ್ಲ.

ಇದರ ಜೊತೆಗೆ ಲೂಪ್‌ಬ್ಯಾಕ್ ಎಂಬುದೊಂದಿದೆ. ಮೀಟಿಂಗ್ ರೂಮಿನ ಕಂಪ್ಯೂಟರಿನ ಮುಂದೆ ಕೂತ ಕ್ಷಣ ನಿಮ್ಮ ಮನೆತನದ ನಿಯಮಗಳು ಬಿದ್ದುಹೋಗಿ ಆ ಕುರ್ಚಿಯ ನಿಯಮಗಳು ನಿಮಗೆ ಅಂಟುತ್ತವೆ. ಕುರ್ಚಿ ಮನುಷ್ಯನನ್ನು ಬದಲಾಯಿಸುತ್ತದೆ ಎಂಬುದನ್ನು ಸಾಫ್ಟ್‌ವೇರಿನಲ್ಲಿ ಅಳವಡಿಸಿದ ಮೊದಲ ನಿದರ್ಶನ ಇದಿರಬೇಕು.

ಒಂದು ಕಂಪ್ಯೂಟರಿಗೋ ಬಳಕೆದಾರನಿಗೋ ಅನ್ವಯಿಸಬಹುದಾದ ಇಂಥ ಪಾಲಿಸಿಗಳ ಗರಿಷ್ಠ ಮಿತಿ 999. ಸಾವಿರನೆಯದನ್ನು ಸೇರಿಸಿದರೆ ಸಾವಿರನೆಯದು ಬಿಟ್ಟುಹೋಗುತ್ತದೆ ಎಂದುಕೊಂಡಿರಾ? ಇಲ್ಲ, ಒಂದೂ ನಡೆಯುವುದಿಲ್ಲ. ಅತಿ ಕಾನೂನಿನ ಫಲ ಅರಾಜಕತೆ ಎಂದು ರಾಜ್ಯಶಾಸ್ತ್ರದ ಮೇಷ್ಟ್ರುಗಳು ವರ್ಷಗಟ್ಟಲೆ ಹೇಳಿದ್ದನ್ನು ಮೈಕ್ರೋಸಾಫ್ಟ್ ಒಂದು ಅಂಕಿಯಲ್ಲಿ ಮುಗಿಸಿದೆ.

ಒಂದೊಂದು ಪಾಲಿಸಿಯ ಒಳಗೆ ಇಣುಕಿದರೆ ಭಾಷೆ ಇನ್ನೂ ಸೊಗಸು. ಪ್ರತಿ ನಿಯಮಕ್ಕೂ ಮೂರು ಆಯ್ಕೆ: ಸಕ್ರಿಯ, ನಿಷ್ಕ್ರಿಯ, ಏನೂ ಹೇಳಿಲ್ಲ. ಮೂರನೆಯದು ಸಚಿವರ ಉತ್ತರ, ಬಿಡಿ. ಕಷ್ಟ ಇರುವುದು ಮೊದಲೆರಡರಲ್ಲಿ, ಯಾಕೆಂದರೆ ನಿಯಮಗಳಲ್ಲಿ ಎಷ್ಟೋ ತಡೆಯುವ ನಿಯಮಗಳು. ಕಮಾಂಡ್ ಪ್ರಾಂಪ್ಟಿಗೆ ಹೋಗುವುದನ್ನು ತಡೆಯಿರಿ ಎಂಬ ನಿಯಮವನ್ನು ನಿಷ್ಕ್ರಿಯಗೊಳಿಸಿದರೆ, ತಡೆಯುವುದನ್ನು ಮಾಡಬೇಡಿ ಎಂದಾಯಿತು, ಅಂದರೆ ಬಿಡಿ ಎಂದಾಯಿತು. ಬೆಳಗಿನ ಹತ್ತಕ್ಕೆ ಕಾಫಿ ಕುಡಿದ ಅಡ್ಮಿನ್‌ಗೆ ಇದು ಅರ್ಥವಾಗುತ್ತದೆ. ಶುಕ್ರವಾರ ಸಂಜೆ ಏಳಕ್ಕೆ, ಮನೆಯಿಂದ ಎರಡನೇ ಫೋನ್ ಬಂದ ಮೇಲೆ, ಆಗುವುದಿಲ್ಲ. ಆಗ ಸಕ್ರಿಯ ಎಂದು ಒತ್ತಿ ಎದ್ದು ಹೋಗುತ್ತಾನೆ. ಸೋಮವಾರ ಇಡೀ ಮಹಡಿಗೆ ಕಮಾಂಡ್ ಪ್ರಾಂಪ್ಟ್ ಇಲ್ಲ. ಸಹಾಯವಾಣಿಯ ಹುಡುಗ ಎಂದಿನಂತೆ ಶುರುಮಾಡುತ್ತಾನೆ, "ಕಮಾಂಡ್ ಪ್ರಾಂಪ್ಟ್ ಓಪನ್ ಮಾಡಿ, ಜಿಪಿಅಪ್‌ಡೇಟ್..." ರನ್ ಪೆಟ್ಟಿಗೆಯಲ್ಲಿ ನೇರವಾಗಿ ಬರೆದರೂ ನಡೆಯುತ್ತದೆ ಎನ್ನಿ. ಆದರೆ ರನ್ ಪೆಟ್ಟಿಗೆಯನ್ನೂ ತೆಗೆದುಹಾಕುವ ನಿಯಮ ಅದೇ ಪಟ್ಟಿಯಲ್ಲಿದೆ, ಮತ್ತು ಶುಕ್ರವಾರ ಸಂಜೆಗೆ ಕೈ ಧಾರಾಳ.

ಪಾಸ್‌ವರ್ಡಿನ ಬಗ್ಗೆ ಬರೆಯದಿದ್ದರೆ ಓದುಗರು ಕ್ಷಮಿಸಲಾರರು. ಡೊಮೈನ್ ಕಟ್ಟಿದಾಗ ತಾನಾಗಿ ಬರುವ ನಿಯಮ ಹೀಗೆ: ಪಾಸ್‌ವರ್ಡಿನ ಆಯುಸ್ಸು 42 ದಿನ, ಹಳೆಯ 24 ಪಾಸ್‌ವರ್ಡುಗಳನ್ನು ಮರುಬಳಸುವಂತಿಲ್ಲ, ಒಮ್ಮೆ ಬದಲಿಸಿದರೆ ಒಂದು ದಿನ ಮತ್ತೆ ಬದಲಿಸುವಂತಿಲ್ಲ. ಈ ಒಂದು ದಿನದ ಷರತ್ತು ಯಾಕೆ ಎಂದರೆ, ಇಲ್ಲದಿದ್ದರೆ ಜನ ಒಂದೇ ಕೂರಿಕೆಯಲ್ಲಿ ಇಪ್ಪತ್ತೈದು ಸಲ ಬದಲಿಸಿ ಮತ್ತೆ ಹಳೆಯದಕ್ಕೇ ಬಂದು ಕೂರುತ್ತಾರೆ. ನಿಯಮ ಬರೆದವನಿಗೆ ಜನ ಗೊತ್ತಿದ್ದರು ಎನ್ನಲು ಈ ಇಡೀ ವ್ಯವಸ್ಥೆಯಲ್ಲಿ ಸಿಗುವ ಒಂದೇ ಪುರಾವೆ ಇದು. ಜನರೂ ಬಿಟ್ಟಾರೆಯೇ? ಮನೆದೇವರ ಹೆಸರು, ಒಂದು ಅಟ್ ಚಿಹ್ನೆ, ಮುಂದೆ 1. ನಲವತ್ತೆರಡು ದಿನಕ್ಕೆ 2. ಮತ್ತೆ 3. ನಿವೃತ್ತಿಯ ಹೊತ್ತಿಗೆ ಮಂಜುನಾಥಸ್ವಾಮಿಯ ಮುಂದೆ ಮೂರಂಕಿ ಸೇರಿರುತ್ತದೆ. ನೆನಪಿಗೆ ಬಾರದವರು ಮಾನಿಟರಿನ ಕೆಳಗೆ ಹಳದಿ ಚೀಟಿ ಅಂಟಿಸುತ್ತಾರೆ. ಚೀಟಿ ಅಂಟಿಸುವುದನ್ನು ತಡೆಯುವ ಗ್ರೂಪ್ ಪಾಲಿಸಿ ಇನ್ನೂ ಬಂದಿಲ್ಲ.

ಸುಮ್ಮಸುಮ್ಮನೆ ಅವಧಿ ಕಟ್ಟಿ ಪಾಸ್‌ವರ್ಡ್ ಬದಲಿಸಿರೆಂದು ಕಾಡಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿತು. 2019ರಲ್ಲಿ ಸ್ವತಃ ಮೈಕ್ರೋಸಾಫ್ಟ್ ತನ್ನ ಭದ್ರತಾ ಶಿಫಾರಸಿನ ಪಟ್ಟಿಯಿಂದ ಈ ಗಡುವನ್ನು ಕಿತ್ತುಹಾಕಿತು. ಬರೆದವನೇ ಅಳಿಸಿದ. ಆದರೆ ನಮ್ಮ ಕಚೇರಿಗಳಲ್ಲಿ ಆಡಿಟರ್ ಎಂಬ ಪ್ರಾಣಿ ಇದೆ. ಅವನ ಹಾಳೆಯಲ್ಲಿ "ಪಾಸ್‌ವರ್ಡ್ ಗಡುವು ಇದೆಯೇ?" ಎಂಬ ಕಲಂ ಇದೆ, ಅದರ ಮುಂದೆ ಸರಿ ಗುರುತು ಬೀಳಬೇಕು. ನಿಸ್ಟ್ ದೊಡ್ಡದೇ, ಎಕ್ಸೆಲ್ ಕಲಂ ದೊಡ್ಡದೇ ಎಂಬ ಪ್ರಶ್ನೆ ಬಂದಾಗ ಉತ್ತರ ಎಲ್ಲರಿಗೂ ಗೊತ್ತು. ಇನ್ನೂ ಒಂದು ಸ್ವಾರಸ್ಯವಿದೆ. ಈ ಪಾಸ್‌ವರ್ಡ್ ನಿಯಮವನ್ನು ಹಣಕಾಸು ವಿಭಾಗಕ್ಕಷ್ಟೇ ಬಿಗಿ ಮಾಡೋಣವೆಂದು ಅಡ್ಮಿನ್ ಅವರ ಓಯುವಿಗೆ ಬೇರೆ ಪಾಲಿಸಿ ಕಟ್ಟಿದನೆನ್ನಿ. ಡೊಮೈನ್ ಖಾತೆಗಳ ಪಾಸ್‌ವರ್ಡಿಗೆ ಅದು ಲೆಕ್ಕಕ್ಕೇ ಇಲ್ಲ. ನಡೆಯುವುದು ಡೊಮೈನ್ ಮಟ್ಟದಲ್ಲಿ ಬರೆದದ್ದು ಮಾತ್ರ. ಬೇರೆ ಬೇಕಿದ್ದರೆ ವಿಂಡೋಸ್ ಸರ್ವರ್ 2008ರಿಂದ ಅದಕ್ಕೊಂದು ಪ್ರತ್ಯೇಕ ದಾರಿ ಇದೆ. ಅದನ್ನು ಓದದವನು ಹಣಕಾಸು ವಿಭಾಗದ ಇಪ್ಪತ್ತು ಕಂಪ್ಯೂಟರಿನ ಮುಂದೂ ಕೂತು ಫೋರ್ಸ್ ಹೊಡೆಯುತ್ತಾನೆ. ಇಪ್ಪತ್ತರಲ್ಲೂ ಯಶಸ್ವಿಯಾಗಿ ಪೂರ್ಣಗೊಳ್ಳುತ್ತದೆ.

ತಪ್ಪು ಮೇಲೆ, ಹೊಡೆತ ಕೆಳಗೆ. ಇದು ಸಣ್ಣ ಅಡ್ಮಿನ್‌ಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಬಹಳ ಮೇಲಿನವರ ಕಥೆಯೂ ಇದೆ. ಎಲ್ಲ ಕಂಪ್ಯೂಟರುಗಳ ಸ್ಥಳೀಯ ಅಡ್ಮಿನ್ ಪಾಸ್‌ವರ್ಡನ್ನು ಒಂದೇ ಏಟಿಗೆ ಬದಲಿಸುವ ಸೌಕರ್ಯವನ್ನು ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್ ಒದಗಿಸಿತ್ತು. ಆ ಪಾಸ್‌ವರ್ಡನ್ನು ಬಲವಾದ ಗೂಢಲಿಪಿಯಲ್ಲಿ ಬರೆದು ಸಿಸ್‌ವಾಲ್ ಎಂಬ ಕಪಾಟಿನಲ್ಲಿ ಇಡುತ್ತಿತ್ತು. ಕಪಾಟು ಡೊಮೈನಿನ ಪ್ರತಿಯೊಬ್ಬ ಬಳಕೆದಾರನಿಗೂ ತೆರೆದಿರುತ್ತದೆ, ಬಾಗಿಲಲ್ಲಿ ಕೂರುವ ರಿಸೆಪ್ಶನಿಸ್ಟ್‌ಗೂ. ಇರಲಿ, ಗೂಢಲಿಪಿ ಇದೆಯಲ್ಲ? ಇತ್ತು. ಅದನ್ನು ಬಿಡಿಸುವ ಕೀಲಿಯನ್ನು ಮೈಕ್ರೋಸಾಫ್ಟ್ ತನ್ನದೇ ತಾಂತ್ರಿಕ ದಾಖಲೆಯಲ್ಲಿ, ಜಗತ್ತಿಗೆಲ್ಲ ಕಾಣುವಂತೆ, ಅಕ್ಷರ ಬಿಡದೆ ಅಚ್ಚು ಹಾಕಿತ್ತು. ಎಲ್ಲ ಕಂಪನಿಗೂ ಅದೇ ಒಂದು ಕೀಲಿ. 2014ರ ಮೇ ತಿಂಗಳಲ್ಲಿ ಎಂಎಸ್14-025 ಎಂಬ ತೇಪೆ ಬಂತು. ಅದು ಮಾಡಿದ್ದು ಏನು? ಇನ್ನು ಮುಂದೆ ಅಲ್ಲಿ ಹೊಸ ಪಾಸ್‌ವರ್ಡ್ ಇಡಲು ಬಿಡುವುದಿಲ್ಲ ಎಂದಿತು. ಈಗಾಗಲೇ ಇಟ್ಟದ್ದನ್ನು ಮುಟ್ಟಲಿಲ್ಲ. ಅದನ್ನು ಅಡ್ಮಿನ್‌ಗಳೇ ಹುಡುಕಿ ಅಳಿಸಬೇಕಿತ್ತು. ಅಳಿಸಲು ಮರೆತ ಕಡೆ ಅವು ಹಾಗೆಯೇ ಕೂತಿದ್ದವು, ಕಂಪ್ಯೂಟರುಗಳು 90 ನಿಮಿಷಕ್ಕೊಮ್ಮೆ ಹೋಗಿ ನಮಸ್ಕರಿಸಿ ಬರುತ್ತಿದ್ದವು.

2016ರ ಜೂನಿನಲ್ಲಿ ಇನ್ನೊಂದು, ಎಂಎಸ್16-072. ಅಲ್ಲಿಯವರೆಗೆ ಬಳಕೆದಾರನ ಪಾಲಿಸಿಯನ್ನು ಬಳಕೆದಾರನ ಹೆಸರಿನಲ್ಲಿ ಹೋಗಿ ತರಲಾಗುತ್ತಿತ್ತು. ನಡುದಾರಿಯಲ್ಲಿ ಕಳ್ಳರು ಅದನ್ನು ತಿದ್ದಬಹುದೆಂದು, ಇನ್ನು ಮುಂದೆ ಕಂಪ್ಯೂಟರಿನ ಹೆಸರಿನಲ್ಲಿ ತರತಕ್ಕದ್ದು ಎಂದು ಬದಲಾಯಿಸಿದರು. ಕಾರಣ ಒಳ್ಳೆಯದೇ. ಆದರೆ ಎಷ್ಟೋ ಕಚೇರಿಗಳಲ್ಲಿ ಪಾಲಿಸಿಯನ್ನು ಓದುವ ಹಕ್ಕು ಇಂತಿಂಥ ಬಳಕೆದಾರರಿಗೆ ಮಾತ್ರ ಎಂದು ಬರೆದಿತ್ತು, ಕಂಪ್ಯೂಟರಿಗೆ ಹಕ್ಕಿರಲಿಲ್ಲ. ತೇಪೆ ಬಿದ್ದ ಮರುದಿನ ಮುಚ್ಚಿಟ್ಟ ಡ್ರೈವುಗಳು ಬಯಲಾದವು, ಜೋಡಿಸಿಟ್ಟ ಡ್ರೈವುಗಳು ಮಾಯವಾದವು, ಪ್ರಿಂಟರುಗಳು ಕಾಣೆಯಾದವು. ಪ್ರಪಂಚದಾದ್ಯಂತ ಸಹಾಯವಾಣಿಗಳಲ್ಲಿ ಫೋನುಗಳು ಮೊಳಗಿದವು. ಉತ್ತರ ಏನಿದ್ದಿರಬಹುದೆಂದು ಊಹಿಸಲು ಬಹುಮಾನವಿಲ್ಲ.

ಹಳೆಯ ವಿಂಡೋಸ್ ಎನ್‌ಟಿ 4.0ದ ಕಾಲದಲ್ಲಿ ಒಂದು ರೋಗವಿತ್ತು. ಆಗಿನ ಸಿಸ್ಟಮ್ ಪಾಲಿಸಿ ಒಮ್ಮೆ ರಿಜಿಸ್ಟ್ರಿಗೆ ಬರೆದರೆ, ಆಮೇಲೆ ಪಾಲಿಸಿಯನ್ನೇ ರದ್ದುಮಾಡಿದರೂ ಬರೆದದ್ದು ಅಳಿಯುತ್ತಿರಲಿಲ್ಲ. ಈ ರೋಗಕ್ಕೆ ಅಡ್ಮಿನ್‌ಗಳು ಹಚ್ಚೆ ಎಂದೇ ಹೆಸರಿಟ್ಟರು. ಗ್ರೂಪ್ ಪಾಲಿಸಿ ಬಂದು ಅದನ್ನು ವಾಸಿಮಾಡಿತು: ನಿಯಮಗಳಿಗೆ ಪ್ರತ್ಯೇಕ ಜಾಗ, ಪಾಲಿಸಿ ಹೋದರೆ ನಿಯಮವೂ ಹೋಯಿತು. ಎಂಟು ವರ್ಷ ನೆಮ್ಮದಿ. ಆಮೇಲೆ 2008ರ ಸರ್ವರಿನ ಜೊತೆ ಆ ಪ್ರಿಫರೆನ್ಸಸ್ ಬಂದು, ಬೇಡ ಎಂದು ವಿಶೇಷವಾಗಿ ಗುರುತು ಹಾಕದ ಹೊರತು ಹಚ್ಚೆ ಹಾಕುವ ಪದ್ಧತಿಯನ್ನು ಮತ್ತೆ ಜಾರಿಗೆ ತಂದಿತು. ಹಾಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ಆರು ವರ್ಷ ಹಿಂದೆ ಕೆಲಸ ಬಿಟ್ಟುಹೋದ ಅಡ್ಮಿನ್ ಕೊಟ್ಟ ಅಪ್ಪಣೆಗಳು ಇಂದಿಗೂ ಜೀವಂತ ಇರಬಹುದು. ಅವುಗಳಿಗೆ ಕಡತವೂ ಇಲ್ಲ, ಅಪ್ಪನೂ ಇಲ್ಲ. ಫೋರ್ಸ್ ಹೊಡೆದರೆ ಅವು ಹೋಗುವುದಿಲ್ಲ, ಯಾಕೆಂದರೆ ಅವುಗಳನ್ನು ತೆಗೆ ಎಂದು ಯಾರೂ ಹೇಳಿಲ್ಲ.

ಮನೆಯಿಂದ ಕೆಲಸ ಶುರುವಾದಾಗ ಈ ವೈಭವಕ್ಕೆ ಹೊಡೆತ ಬಿತ್ತು. ಶಿವಮೊಗ್ಗದ ಮನೆಯ ಅಟ್ಟದ ಮೇಲೆ ಕೂತ ಲ್ಯಾಪ್‌ಟಾಪಿಗೆ ವೈಟ್‌ಫೀಲ್ಡಿನ ಯಜಮಾನ ಕಾಣುವುದಿಲ್ಲ. ವಿಪಿಎನ್ ಹಾಕದಿದ್ದರೆ ಕಪ್ಪು ಕಿಟಕಿ, ಡೊಮೈನ್ ಕಂಟ್ರೋಲರನ್ನು ಮುಟ್ಟಲಾಗುತ್ತಿಲ್ಲ ಎಂದು ಅಪರೂಪಕ್ಕೆ ಸತ್ಯ ನುಡಿಯುತ್ತದೆ. ಯಜಮಾನ ಸಿಗದಿದ್ದರೂ ಪ್ರಜೆ ದಂಗೆ ಏಳುವುದಿಲ್ಲ. ಕೊನೆಯ ಸಲ ಕೇಳಿಸಿಕೊಂಡ ಅಪ್ಪಣೆಯನ್ನೇ ಪಾಲಿಸುತ್ತಾ ಇರುತ್ತದೆ. ಆಗ ಕಂಪನಿಗಳು ಮೋಡದ ಮೇಲಿನ ಇಂಟ್ಯೂನ್ ಎಂಬ ಹೊಸ ಯಜಮಾನನ ಕಡೆ ವಾಲಿದವು. ಅಲ್ಲಿಗೆ ಕಂಪ್ಯೂಟರುಗಳು ಹೋಗಿ ಕೇಳುವುದು ಸುಮಾರು 8 ಗಂಟೆಗೊಮ್ಮೆ, ದಾರಿಯೂ ಬೇರೆ. ಜಿಪಿಅಪ್‌ಡೇಟ್‌ಗೂ ಆ ಯಜಮಾನನಿಗೂ ಮಾತುಕತೆಯೇ ಇಲ್ಲ. ಆದರೂ ಇಂಟ್ಯೂನಿನ ಆಳ್ವಿಕೆಯಲ್ಲಿರುವ ಲ್ಯಾಪ್‌ಟಾಪಿನವರು ಫೋನ್ ಮಾಡಿದರೆ ಬರುವ ಸಲಹೆ ಬದಲಾಗಿಲ್ಲ. ಹೊಡೆಯುತ್ತಾರೆ. ಯಶಸ್ವಿಯಾಗಿ ಪೂರ್ಣಗೊಳ್ಳುತ್ತದೆ.

ಎಷ್ಟು ಹೊತ್ತಿಗೊಮ್ಮೆ ಕೇಳಬೇಕೆಂಬುದನ್ನು ಬದಲಿಸಲೂ ಒಂದು ಪಾಲಿಸಿ ಇದೆ. ವಾರಗಟ್ಟಲೆ ಎಳೆಯಬಹುದು. ಸೊನ್ನೆ ಎಂದು ಬರೆದರೆ ಕಂಪ್ಯೂಟರು ಏಳು ಸೆಕೆಂಡಿಗೊಮ್ಮೆ ಏನಪ್ಪಣೆ ಎನ್ನುತ್ತದೆ. ಸೊನ್ನೆ ಬರೆಯಬೇಕೆಂದು ಕೈ ತುರಿಸುವ ಮ್ಯಾನೇಜರುಗಳು ಈ ಅಂಕಣ ಓದುತ್ತಿಲ್ಲ ಎಂದು ನಂಬಿದ್ದೇನೆ. 2012ರ ಸರ್ವರಿನಿಂದ ಇನ್ನೊಂದು ಅನುಕೂಲ: ಅಡ್ಮಿನ್ ತನ್ನ ಕುರ್ಚಿಯಿಂದಲೇ ಇಡೀ ಓಯುವಿನ ಕಂಪ್ಯೂಟರುಗಳಿಗೆ ಒಟ್ಟಿಗೆ ಫೋರ್ಸ್ ಹೊಡೆಸಬಹುದು. ಹತ್ತು ನಿಮಿಷದೊಳಗೆ ಒಂದೊಂದರ ಪರದೆಯ ಮೇಲೂ ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ. ವೈರಸ್ ಬಂತೆಂದು ಹೆದರಿ ಮಹಡಿಯ ಜನ ಸಹಾಯವಾಣಿಗೆ ಫೋನ್ ಮಾಡುತ್ತಾರೆ.

ಇಷ್ಟಕ್ಕೂ ಔಷಧ ಪಕ್ಕದಲ್ಲೇ ಇದೆ. ಅದೇ ಕಪ್ಪು ಕಿಟಕಿಯಲ್ಲಿ ಜಿಪಿರಿಸಲ್ಟ್, ಓರೆಗೆರೆ, ಆರ್ ಎಂದು ಬರೆದರೆ ಸಾಕು. ಈ ಕಂಪ್ಯೂಟರಿಗೆ, ಈ ಬಳಕೆದಾರನಿಗೆ ಯಾವ ಯಾವ ಪಾಲಿಸಿ ತಾಗಿದೆ, ಯಾವುದು ತಾಗಿಲ್ಲ, ತಾಗದಿದ್ದರೆ ಕಾರಣವೇನು ಎಂದು ಪಟ್ಟಿ ಕೊಡುತ್ತದೆ. ಪ್ರಿಂಟರ್ ಬಾರದ ಆ ಮೇಡಂ ಮೂರನೇ ಮಹಡಿಯಿಂದ ಐದಕ್ಕೆ ಬಂದು ಎರಡು ತಿಂಗಳಾದರೂ ಅವರ ಹೆಸರು ಮೂರನೇ ಮಹಡಿಯ ಓಯುವಿನಲ್ಲೇ ಕೂತಿದೆ ಎಂಬುದು ಅಲ್ಲಿ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. ಆದರೆ ಸಹಾಯವಾಣಿಯ ಕಡತದಲ್ಲಿ ಇದು ಮೊದಲ ಹೆಜ್ಜೆಯಾಗಿ ಎಲ್ಲೂ ಕಂಡುಬರುವುದಿಲ್ಲ. ಫೋರ್ಸ್ ಹೊಡೆಯಿರಿ ಎಂದರೆ ದೋಷ ನಿಮ್ಮ ಯಂತ್ರದ ಕಿವಿಯಲ್ಲಿದೆ ಎಂದರ್ಥ. ರಿಸಲ್ಟ್ ತೆಗೆಯಿರಿ ಎಂದರೆ ದೋಷ ಬರೆದವನ ಕೈಯಲ್ಲಿರಬಹುದು ಎಂದಾಗುತ್ತದೆ, ಮತ್ತು ಬರೆದವನು ಸಹಾಯವಾಣಿಯ ಹುಡುಗನಿಗಿಂತ ಮೂರು ಗ್ರೇಡ್ ಮೇಲೆ.

ಇನ್ನೂ ಮೇಲಿನವರೂ ಇದ್ದಾರೆ. ಪೆನ್‌ಡ್ರೈವ್ ನಿಷೇಧ, ಐದು ನಿಮಿಷಕ್ಕೆ ಪರದೆಯ ಬೀಗ, ಕಂಪನಿಯ ಲಾಂಛನದ ವಾಲ್‌ಪೇಪರ್, ಇವೆಲ್ಲ ಭದ್ರತೆಗೆ ಎಷ್ಟು ಮುಖ್ಯ ಎಂದು ಸರ್ವಸಿಬ್ಬಂದಿ ಸಭೆಯಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದ ವೈಸ್ ಪ್ರೆಸಿಡೆಂಟ್ ಸಾಹೇಬರು ತಮ್ಮ ಸ್ಲೈಡುಗಳನ್ನು ತಂದಿದ್ದು ಪೆನ್‌ಡ್ರೈವಿನಲ್ಲಿ. ಅವರ ಲ್ಯಾಪ್‌ಟಾಪಿನಲ್ಲಿ ಅದು ಓದುತ್ತದೆ. ಪರದೆಗೆ ಬೀಗ ಬೀಳುವುದಿಲ್ಲ. ವಾಲ್‌ಪೇಪರಿನಲ್ಲಿ ಸ್ವಿಜರ್‌ಲೆಂಡ್. ಒಂದು ದಿನ ಇದು ಆಡಿಟರನ ಕಣ್ಣಿಗೆ ಬಿದ್ದು, ಐಟಿಯ ಹುಡುಗನನ್ನು ಅವರ ಕ್ಯಾಬಿನ್ನಿಗೆ ಓಡಿಸಿದರು. ಹುಡುಗ ನಡುಗುತ್ತಾ ಕೂತು ಜಿಪಿಅಪ್‌ಡೇಟ್ ಫೋರ್ಸ್ ಹೊಡೆದ. ಕಂಪ್ಯೂಟರ್ ಪಾಲಿಸಿ ಯಶಸ್ವಿಯಾಗಿ ಪೂರ್ಣಗೊಂಡಿದೆ. ಬಳಕೆದಾರರ ಪಾಲಿಸಿ ಯಶಸ್ವಿಯಾಗಿ ಪೂರ್ಣಗೊಂಡಿದೆ. ಬದಲಾದದ್ದು ಏನೂ ಇಲ್ಲ. ಆಡಿಟರ್ ಬಿಡುವ ಆಸಾಮಿಯಲ್ಲ, ರಿಸಲ್ಟ್ ತೆಗೆ ಎಂದ. ಪಟ್ಟಿ ಬಂತು. ಕಂಪನಿಯ ಎಲ್ಲ ಭದ್ರತಾ ಪಾಲಿಸಿಗಳೂ ಅನ್ವಯಿಸದವುಗಳ ಕೆಳಗೆ ಸಾಲಾಗಿ ನಿಂತಿದ್ದವು. ಸಾಹೇಬರ ಯಂತ್ರವನ್ನು ಯಾರೋ ವಿನಾಯಿತಿ ಗುಂಪಿಗೆ ಸೇರಿಸಿ, ಇವರಿಗೆ ಅನ್ವಯಿಸಬೇಡ ಎಂದು ಗುರುತು ಹಾಕಿದ್ದರು. ಯಾಕೆ ಅನ್ವಯಿಸಿಲ್ಲ ಎಂಬ ಕಲಮಿನಲ್ಲಿ ವಿಂಡೋಸ್ ತನ್ನ ಮಾಮೂಲಿ ಕಾರಣವನ್ನು ಅಚ್ಚುಕಟ್ಟಾಗಿ ನಮೂದಿಸಿತ್ತು: ನಿರಾಕರಿಸಲಾಗಿದೆ, ಭದ್ರತೆ.

ಆಡಿಟರ್ ಭದ್ರತೆ ಎಂಬುದನ್ನು ಓದಿ ತೃಪ್ತನಾಗಿ ಸರಿ ಗುರುತು ಹಾಕಿದ.